ಹಜೀರಾಬೀಯ ಶಾಮಾ, ಅಮೀರ್ ಜಾನನ ಕೊಂಡುಕುರಿ

ದಾವಣಗೆರೆ ನಿಟ್ಟುವಳ್ಳಿಯ ಹಜೀರಾಬೀ ಹುಟ್ಟಿ ಬೆಳೆದದ್ದು ಅಂಡಮಾನಿನಲ್ಲಿ. ಹರಿಹರದ ಬಡಗಿಯಾಗಿದ್ದ ಅವಳ ಅಪ್ಪ ಕೆಲಸ ಹುಡುಕಿಕೊಂಡು ಹಡಗು ಹತ್ತಿ ಅಲ್ಲಿಗೆ ಹೋಗಿದ್ದ. ಮಗಳು ಮದುವೆಯ ವಯಸ್ಸಿಗೆ ಬಂದಾಗ ಊರಿಗೆ ಮರಳಿ, ಜಗಳೂರು ಕಡೆಯ ಕಾಡಿನಲ್ಲಿ ವಾಚರ್ ಆಗಿದ್ದ ಅಮೀರ್ ಜಾನನಿಗೆ ಅವಳನ್ನು ಕೊಟ್ಟ.

ಹೊಸದರಲ್ಲಿ ಅವಳಿಗೆ ಇಲ್ಲಿಯ ಒಣ ಗಾಳಿ ಒಗ್ಗಲೇ ಇಲ್ಲ. ಸಂಜೆಯಾದರೆ ಅಂಡಮಾನಿನ ಶಾಮಾ ಹಕ್ಕಿಯ ನೆನಪು. ಉದ್ದ ಬಾಲದ ಆ ಕರಿ ಹಕ್ಕಿ ಪೊದೆಯೊಳಗೆ ಅವಿತು, ಬೇರೆ ಹಕ್ಕಿಗಳ ದನಿಯನ್ನೂ ಕದ್ದು ಹಾಡುತ್ತಿತ್ತೆಂದು ಗಂಡನಿಗೆ ಹೇಳುವಳು. ಅವನು ತನ್ನ ಕೊಂಡುಕುರಿಯ ಮಾತು ತೆಗೆಯುವನು: ಮೇಕೆಯಷ್ಟೇ ಎತ್ತರದ ಜೀವ, ಗಂಡಿಗೆ ನಾಲ್ಕು ಕೊಂಬು. ನಾಲ್ಕು ಎಂದದ್ದೇ ತಡ, ಅವಳಿಗೆ ನಗು. ಹೊಸ ಹೆಂಡತಿಯೆದುರು ಬಡಾಯಿ ಕೊಚ್ಚುತ್ತಿದ್ದಾನೆಂದೇ ತಿಳಿದಳು.

"ನಿಮ್ಮ ಕುರಿ ಹಾಡ್ತೈತೇನ್ರಿ?" ಎಂದು ಕೆಣಕಿದಳು.

"ಹಾಡಲ್ಲ. ಸುಮ್ನೆ ನಿಲ್ತೈತೆ. ಅದು ನಿಲ್ಲೋದು ನೋಡಿದ್ರೆ ನಿನ್ನ ಹಕ್ಕಿ ಮರೀತೀಯ."

ಒಂದು ಬೇಸಿಗೆಯಲ್ಲಿ ಅವಳನ್ನು ಕಾಡಿಗೆ ಕರೆದೊಯ್ದ. ನೀರಿನ ಹೊಂಡದ ಆಚೆ ಬಂಡೆಯ ಮರೆಯಲ್ಲಿ ಇಬ್ಬರೂ ಕೂತರು. ಬಿಸಿಲು ಇಳಿಯುವಾಗ ಕೊಂಡುಕುರಿಯೊಂದು ಒಂಟಿಯಾಗಿ ಬಂತು. ಕುಡಿಯುವ ಮುಂಚೆ ಮುಂಗಾಲೊಂದನ್ನು ಎತ್ತಿ ಹಾಗೇ ನಿಂತಿತು. ಹಣೆಯಲ್ಲಿ ಗಿಡ್ಡನೆಯ ಕೊಂಬು ಎರಡು, ಹಿಂದೆ ಉದ್ದನೆಯವು ಎರಡು. ಹಜೀರಾಬೀ ಉಸಿರು ಬಿಗಿಹಿಡಿದಳು. ನೀರು ಕುಡಿದು ಅದು ಹುಲ್ಲಿನೊಳಗೆ ಕರಗಿಹೋಯಿತು.

ಮರಳಿ ಬಸ್ಸು ದಾವಣಗೆರೆ ಮುಟ್ಟುವಾಗ ಅವಳು, ಕೊಂಬೇನೋ ನಾಲ್ಕಿದ್ದಾವೆ, ಆದರೂ ಶಾಮಾನೇ ಹೆಚ್ಚು ಎಂದಳು. ಸುತ್ತಲಿನವರು ತಿರುಗಿ ನೋಡುವಂತೆ ಅವನು ನಕ್ಕ. ಆಮೇಲೂ ಆ ವಾದ ತೀರಲಿಲ್ಲ. ಊಟಕ್ಕೆ ಕೂತರೆ, ಕರೆಂಟು ಹೋದರೆ ಅದೇ ಮಾತು.

ಅಮೀರ್ ಜಾನ್ ಹೋದ ವರ್ಷ ತೀರಿಕೊಂಡ. ಈಚೆಗೆ ಹರಿಹರದಲ್ಲಿರುವ ಮಗಳು ಮುಮ್ತಾಜ್ ಹೆತ್ತು, ಕೂಸಿಗೊಂದು ಕೌದಿ ಬೇಕೆಂದಳು. ಹಜೀರಾಬೀ ಗಂಡನ ಖಾಕಿ ಅಂಗಿ ಕತ್ತರಿಸಿ, ಕೌದಿಯ ನಡುವೆ ಕೊಂಡುಕುರಿಯನ್ನು ಹೊಲಿದಳು. ಕೊಂಬು ಹೊಲಿಯುವಾಗ ಕಣ್ಣು ಮಂಜಾಗಿ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಹರಿಹರಕ್ಕೆ ಒಯ್ದುಕೊಟ್ಟ ಕೌದಿಯನ್ನು ಮುಮ್ತಾಜ್ ಹರಡಿ ನೋಡಿದಳು. "ಅಮ್ಮಿ, ಜೀವನಪೂರ್ತಿ ಹಕ್ಕಿ ಪರ ಜಗಳ ಆಡಿದ್ಯಲ್ಲ. ಹಕ್ಕಿ ಯಾಕಿಲ್ಲ?"

"ಹಕ್ಕಿ ನನ್ನ ಬಾಯಾಗೈತೆ ಮಗಳೇ. ಈ ಕುರಿಗೆ ದನಿ ಇಲ್ಲ, ಹೊಲೀದಿದ್ರೆ ಕೂಸಿಗೆ ಹೆಂಗೆ ಗೊತ್ತಾಗ್ಬೇಕು?"

ಕೂಸು ರಚ್ಚೆ ಹಿಡಿದಿತ್ತು. ಹಜೀರಾಬೀ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ತುಟಿ ಮುಂದೆ ಮಾಡಿ ಶಾಮಾದ ಹಾಗೆ ಮೆಲ್ಲಗೆ ಸಿಳ್ಳೆ ಹಾಕತೊಡಗಿದಳು. ಅಳು ನಿಂತಿತು. ಒಲೆಯ ಮೇಲಿನ ಹಾಲನ್ನು ಮರೆತು ಮುಮ್ತಾಜ್ ಬಾಗಿಲಲ್ಲೇ ಕೂತಳು.