ತ್ರೀ ಫಿಫ್ಟಿಯ ಆಯಿಲ್ ಪಂಪು

ಶಿವಯೋಗಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನೂ ಬೆರಳು ಸವರಿಯೇ ಹೇಳುತ್ತಾರೆ ಎಂದು ಮಷಿನ್ ಶಾಪಿನಲ್ಲಿ ಹೆಸರು ಮಾಡಿದ್ದರು. ಹೆಸರು ಬಂದ ಮೇಲೆ ಅದನ್ನು ಕಾಯುವ ಕೆಲಸವೂ ಬರುತ್ತದೆ. ಅವರು ಕೆಟ್ಟದ್ದು ಆ ಕೆಲಸದಲ್ಲಿ.

ಎಂಬತ್ತೈದರಲ್ಲಿ ಅವರೊಂದು ರಾಜದೂತ್ ತ್ರೀ ಫಿಫ್ಟಿ ಬೈಕು ಕೊಂಡರು. ಓಲ್ಡ್ ಟೌನಿನ ಅವರ ಬೀದಿಗೆ ಅದು ತಿರುಗಿತೆಂದರೆ ಮಲಗಿದ್ದ ಕೂಸುಗಳೆಲ್ಲ ಎದ್ದು ಕೂರುತ್ತಿದ್ದವು. ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ ಅದರ ಮುಂದೆ ಕೂತರೆ ಹೆಂಡತಿ ದಾಕ್ಷಾಯಣಿ ತಿಂಡಿಗೆ ಮೂರು ಸಲ ಕರೆಯಬೇಕಿತ್ತು. ನೋಡಲು ಬಂದವರಿಗೆಲ್ಲ ಅವರು ಹೇಳುತ್ತಿದ್ದುದು ಒಂದೇ ಮಾತು: "ಕಂಪನಿಯಿಂದ ಹೆಂಗ್ ಬಂತೋ ಹಂಗೇ ಐತೆ. ಒಂದು ಬೋಲ್ಟೂ ಬೇರೆ ಹಾಕಿಲ್ಲ."

ಆ ಮಾತು ತೊಂಬತ್ನಾಲ್ಕರ ತನಕ ನಿಜವಾಗಿತ್ತು. ಆ ವರ್ಷ ಒಂದು ಭಾನುವಾರ, ಎಂಜಿನ್ನಿಗೆ ಆಯಿಲ್ ಹೊಡೆಯುವ ಸಣ್ಣ ಪಂಪನ್ನು ಬಿಚ್ಚಿ ಒರೆಸಿ, ಮತ್ತೆ ಕೂರಿಸುವಾಗ ಸ್ಪ್ಯಾನರನ್ನು ಒಂದು ಸುತ್ತು ಜಾಸ್ತಿ ತಿರುಗಿಸಿದರು. ಪಂಪು ಟಪ್ಪೆಂದು ಸೀಳಿತು. ಹೊಸದಾಗಿ ಕೆಲಸಕ್ಕೆ ಸೇರಿದವನೂ ಮಾಡಬಾರದ ತಪ್ಪು ಅದು. ಯಾರಿಗೂ ಹೇಳಲಿಲ್ಲ, ದಾಕ್ಷಾಯಣಿಗೂ ಇಲ್ಲ. ಪಂಪಿದ್ದ ಜಾಗಕ್ಕೆ ಲೇತಿನಲ್ಲಿ ಒಂದು ಬಿಲ್ಲೆ ಮಾಡಿ ಕೂರಿಸಿ, ಮೇಲೆ ಮುಚ್ಚಳ ಹಾಕಿದರು. ಆಯಿಲ್ ಸಿಗದಿದ್ದರೆ ಎಂಜಿನ್ನು ಕಚ್ಚಿಕೊಳ್ಳುತ್ತದೆಂದು, ಅಂದಿನಿಂದ ಪೆಟ್ರೋಲ್ ಟ್ಯಾಂಕಿಗೇ ಕೈಯಾರೆ ಅಳತೆಯ ಆಯಿಲ್ ಬೆರೆಸಿ ಗಾಡಿ ಓಡಿಸಿದರು. ಪಕ್ಕದ ಆಯಿಲ್ ಟ್ಯಾಂಕು ಮಾತ್ರ ಯಾವಾಗಲೂ ತುಂಬಿ ಚಂದವಾಗಿ ಕಾಣುತ್ತಿತ್ತು. ಅದರಿಂದ ಒಂದು ಹನಿಯೂ ಎಂಜಿನ್ನಿಗೆ ಹೋಗುತ್ತಿರಲಿಲ್ಲ.

ಎರಡು ಸಾವಿರದ ಎರಡರ ಹೊತ್ತಿಗೆ ಮಂಡಿ ಕೈಕೊಟ್ಟಿತು. ಕಿಕ್ ಹೊಡೆದರೆ ಕಣ್ಣಲ್ಲಿ ನೀರು. ಕೊನೆಗೆ ಮಾರುವುದೆಂದಾಯಿತು. ಎಷ್ಟೋ ಜನ ಬಂದು ಕೇಳಿದರೂ ಅವರಿಗೆ ಒಪ್ಪಿಗೆಯಾದವನು ಸತೀಶ್. ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಹುಡುಗ, ಮದುವೆಯಾಗಿ ಎರಡು ವರ್ಷ. ಗಾಡಿ ಮುಟ್ಟುವ ಮೊದಲು ಕರ್ಚೀಫಿನಲ್ಲಿ ಕೈ ಒರೆಸಿಕೊಂಡ. ಶಿವಯೋಗಪ್ಪನವರಿಗೆ ಅಷ್ಟು ಸಾಕಾಯಿತು.

"ಏನಾದ್ರೂ ಚೇಂಜ್ ಮಾಡ್ಸಿದೀರಾ ಸಾರ್?" ಎಂದು ಅವನು ಕೇಳಿದ.

ಅವರು ಬಾಯಿ ತೆರೆದರು. ಹೇಳಿಯೇಬಿಡುವವರಿದ್ದರು. ಅಷ್ಟರಲ್ಲಿ ಕಾಂಪೌಂಡಿಗೆ ಒರಗಿ ನಿಂತಿದ್ದ ಪಕ್ಕದ ಮನೆಯ ಕರಿಯಣ್ಣ, ಮಷಿನ್ ಶಾಪಿನಲ್ಲೇ ಜೊತೆಗಿದ್ದವನು, "ಏ, ಶಿವಯೋಗಪ್ಪನ ಕೈಲಿದ್ದ ಗಾಡಿ ಮಾರಾಯ, ಕಣ್ಣು ಮುಚ್ಕೊಂಡು ತಗೊಂಡೋಗು" ಎಂದ.

"ಒಂದು ಬೋಲ್ಟೂ ಇಲ್ಲ" ಎಂದರು ಶಿವಯೋಗಪ್ಪ.

ಅವರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಗಾಡಿ ಕೊಟ್ಟು ಮರೆಯುತ್ತಿದ್ದರು. ಇವರು ಟ್ಯಾಂಕಿನ ತುಂಬ ಆಯಿಲ್ ಬೆರೆಸಿದ ಪೆಟ್ರೋಲನ್ನು ತಾವೇ ತುಂಬಿಸಿ ಕಳಿಸಿದರು. ಒಂದು ವಾರಕ್ಕೆ ಮೋಸವಿಲ್ಲ, ಅಷ್ಟರೊಳಗೆ ಶಿವಮೊಗ್ಗಕ್ಕೆ ಹೋಗಿ, ಯಾರೂ ಇಲ್ಲದಾಗ ಹುಡುಗನಿಗೆ ಹೇಳಿಬಿಟ್ಟರಾಯಿತು ಎಂದುಕೊಂಡರು. ಸೋಮವಾರ ಹೋಗಬೇಕಿತ್ತು, ಯಾರದೋ ಗೃಹಪ್ರವೇಶ ಬಂತು. ಗುರುವಾರ ಮಂಡಿ ನೋವು. ಮುಂದಿನ ಸೋಮವಾರ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಹೇಗೆ ಶುರು ಮಾಡುವುದೆಂದು ತಿಳಿಯದೆ, ತರಕಾರಿ ಕೊಂಡು ವಾಪಸು ಬಂದರು.

ಹನ್ನೆರಡನೆಯ ದಿನ ಸತೀಶನೇ ಬಸ್ಸಿನಲ್ಲಿ ಬಂದ. ಮೊಣಕೈಗೆ ಬ್ಯಾಂಡೇಜು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿಮ್ ಗಾಡಿ ಹಾಳ್ಮಾಡ್ಬಿಟ್ಟೆ ಸಾರ್. ಕ್ಷಮಿಸ್ಬೇಕು."

ಹೆಂಡತಿ ದಿವ್ಯಶ್ರೀಯನ್ನು ಹಿಂದೆ ಕೂರಿಸಿಕೊಂಡು ಕುಂಸಿಗೆ, ಅವಳ ತವರಿಗೆ, ಹೊರಟಿದ್ದನಂತೆ. ಹಿಂದಿನ ದಿನವಷ್ಟೇ ಬಂಕಿನಲ್ಲಿ ಬರೀ ಪೆಟ್ರೋಲ್ ಹಾಕಿಸಿದ್ದ. ಆಯನೂರು ದಾಟಿದ ಮೇಲೆ ಎಂಜಿನ್ನು ಒಮ್ಮೆಗೇ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಟ್ಟಿತು. ಅವನಿಗೆ ತರಚಿದ ಗಾಯ. ಅವಳ ಬಲ ಮಣಿಕಟ್ಟು ಮುರಿದಿತ್ತು. ಬ್ಲೌಸ್ ಹೊಲಿಯುವ ಕೈ ಅದು.

"ಅರವತ್ತರಲ್ಲೇ ಇದ್ದೆ ಅನ್ಸುತ್ತೆ ಸಾರ್. ಆದ್ರೆ ಎಲ್ರೂ ಜೋರಾಗಿ ಹೊಡ್ದಿದೀಯ ಅಂತಾರೆ. ಆಯಿಲ್ ಟ್ಯಾಂಕ್ ನೋಡ್ದಾಗ ಸ್ವಲ್ಪಾನೂ ಕಮ್ಮಿ ಆಗಿರ್ಲಿಲ್ಲ. ಅಂದ್ಮೇಲೆ ತಪ್ಪು ನಂದೇ."

ಆಗಿದ್ದೇನೆಂದು ಶಿವಯೋಗಪ್ಪನವರಿಗೆ ತಕ್ಷಣ ತಿಳಿಯಿತು. ಆದರೂ ಬಾಯಿಂದ ಬಂದದ್ದು ಬೇರೆಯೇ ಮಾತು: "ಬೇರೆ ಯಾವ ಮೆಕ್ಯಾನಿಕ್ ಹತ್ರಾನೂ ಬಿಚ್ಚಿಸ್ಬೇಡ. ನಾನೇ ಮಾಡ್ಕೊಡ್ತೀನಿ. ನೀನೇನೂ ಕೊಡ್ಬೇಡ." ಕರುಣೆಯಿಂದ ಅಂದರೋ ಹೆದರಿಕೆಯಿಂದ ಅಂದರೋ ಎಂದು ಆಮೇಲೆ ತಮ್ಮನ್ನೇ ಕೇಳಿಕೊಂಡರು. ಹೆದರಿಕೆಯೇ ಮುಂದಿತ್ತು.

ಲಗೇಜ್ ಆಟೋದಲ್ಲಿ ಗಾಡಿ ಬಂತು. ಎರಡು ತಿಂಗಳು ಅದರಲ್ಲೇ ಮುಳುಗಿದರು. ಗೀರು ಬಿದ್ದ ಸಿಲಿಂಡರಿಗೆ ಬೋರ್ ಮಾಡಿಸಿದರು, ಹೊಸ ಪಿಸ್ಟನ್ ಹಾಕಿದರು. ಪಂಪಿಗಾಗಿ ದಾವಣಗೆರೆಯ ಗುಜರಿ ಅಂಗಡಿಗಳನ್ನೆಲ್ಲ ಅಲೆದರು. ಎರಡನೇ ದಿನವೇ ಸಿಕ್ಕಿತು. ಎಂಟು ವರ್ಷದಲ್ಲಿ ಒಂದೇ ಒಂದು ಸಲ ಕೇಳಿದ್ದರೂ ಸಿಗುತ್ತಿತ್ತು. ಕೇಳಿದರೆ ಒಡೆದದ್ದು ಹೇಗೆಂದು ಹೇಳಬೇಕಾಗುತ್ತದೆಂದು ಕೇಳಿರಲಿಲ್ಲ. ಇತ್ತ ಬೀದಿಯವರೆಲ್ಲ ಅವರನ್ನು ಹೊಗಳುವವರೇ. "ಮಾರಿದ ಗಾಡೀನ ಬಿಟ್ಟಿ ರಿಪೇರಿ ಮಾಡೋರನ್ನ ಎಲ್ಲಾದ್ರೂ ನೋಡಿದೀರಾ" ಎಂದು ಕರಿಯಣ್ಣ ಹೋಟೆಲಿನಲ್ಲಿ ಹೇಳುತ್ತಿದ್ದ. ಹೊಗಳಿಕೆ ಕೇಳಿದ ದಿನ ಅವರಿಗೆ ಊಟ ಇಳಿಯುತ್ತಿರಲಿಲ್ಲ.

ಪಂಪು ಕೂರಿಸಿದ ಮೇಲೆ ಯಾರು ಬಿಚ್ಚಿ ನೋಡಿದರೂ ಏನೂ ಗೊತ್ತಾಗುವಂತಿರಲಿಲ್ಲ. ಇನ್ನು ಹೇಳದಿದ್ದರೂ ನಡೆಯುತ್ತದೆ ಎಂದುಕೊಂಡೇ, ಮಂಡಿಗೆ ಬಟ್ಟೆ ಸುತ್ತಿಕೊಂಡು, ಗಾಡಿಯನ್ನು ತಾವೇ ವಿನೋಬನಗರಕ್ಕೆ ಓಡಿಸಿಕೊಂಡು ಹೋದರು.

ದಿವ್ಯಶ್ರೀ ಎಡಗೈಯಲ್ಲಿ ಕಾಫಿ ಲೋಟ ಹಿಡಿದು ಬಂದಳು. "ಎಡಗೈಲಿ ಕೊಡ್ತಿದೀನಿ, ತಪ್ಪು ತಿಳ್ಕೋಬೇಡಿ ಸಾರ್. ಈ ಕೈಯಿ ಇನ್ನೂ ಲೋಟ ಹಿಡಿಯಲ್ಲ" ಎಂದಳು. ಆಮೇಲೆ ಗಂಡನ ಕಡೆ ನೋಡದೆ ಹೇಳಿದಳು: "ನಿಮ್ದು ದೊಡ್ಡ ಮನಸ್ಸು. ಇವ್ರನ್ನ ಮಾತ್ರ ನಾನಿನ್ನು ಗಾಡಿ ಮುಟ್ಟಕ್ಕೆ ಬಿಡಲ್ಲ. ನಮ್ಮಪ್ಪನಂತೂ ಇವ್ರು ಮನೆ ಮೆಟ್ಲು ಹತ್ತಬಾರ್ದು ಅಂದ್ಬಿಟ್ಟಿದಾರೆ. ಮಗಳನ್ನ ಸಾಯಿಸಕ್ಕೆ ಹೋಗಿದ್ದ ಅಂತಾರೆ."

ಸತೀಶ್ ತಲೆ ತಗ್ಗಿಸಿ ಕೂತಿದ್ದ. ಆ ಮಾತು ಅವನಿಗೆ ಹೊಸದಲ್ಲ ಎಂಬುದು ಕೂತ ರೀತಿಯಲ್ಲೇ ತಿಳಿಯುತ್ತಿತ್ತು. ಮುರಿದದ್ದು ಒಂದು ಮಣಿಕಟ್ಟು ಎಂದು ಶಿವಯೋಗಪ್ಪನವರು ಎರಡು ತಿಂಗಳಿಂದ ಲೆಕ್ಕ ಹಾಕಿದ್ದರು. ಈ ಮನೆಯೊಳಗೆ ಏನು ಮುರಿದಿದೆಯೆಂದು ಒಂದು ಸಲವೂ ಯೋಚಿಸಿರಲಿಲ್ಲ.

"ಜೋರಾಗಿ ಹೊಡ್ದಿದ್ದಲ್ಲ ಕಣಮ್ಮ" ಎಂದರು. "ಅದರಲ್ಲಿ ಪಂಪೇ ಇರ್ಲಿಲ್ಲ. ಎಂಟು ವರ್ಷದ ಹಿಂದೆ ನನ್ ಕೈಯಲ್ಲೇ ಒಡೀತು. ಪೆಟ್ರೋಲಿಗೆ ಆಯಿಲ್ ಬೆರೆಸ್ಬೇಕಿತ್ತು. ಗೊತ್ತಿದ್ದೂ ಹೇಳ್ಲಿಲ್ಲ. ಕರಿಯಣ್ಣನ ಮುಂದೆ ಮರ್ಯಾದೆ ಹೋಗುತ್ತೆ ಅಂತ ಹೇಳ್ಲಿಲ್ಲ."

ದಿವ್ಯಶ್ರೀ ಅವರನ್ನು ಬೈಯಲಿಲ್ಲ, ಅವರ ಕಡೆ ನೋಡಲೂ ಇಲ್ಲ. ಗಂಡನ ಪಕ್ಕ ಹೋಗಿ ಕೂತು, "ಅರವತ್ತರಲ್ಲೇ ಇದ್ದೆ ಅಂತ ಎಷ್ಟ್ ಸಲ ಹೇಳಿದ್ರಿ, ನಾನು ನಂಬ್ಲೇ ಇಲ್ವಲ್ರೀ" ಎಂದು ಅತ್ತಳು.

ಸತೀಶ್ ಎದ್ದು ಗಾಡಿಯ ಕೀಲಿ ತೆಗೆದುಕೊಂಡ. "ಹಿಂದೆ ಕೂತ್ಕೊಳ್ಳಿ ಸಾರ್" ಎಂದ. "ಈ ಮಾತು ನಮ್ಮ ಮಾವನ ಮುಂದೆ ಹೇಳ್ಬೇಕು ನೀವು."

ದಾರಿಯುದ್ದಕ್ಕೂ ಅವನು ಅರವತ್ತು ದಾಟಿಸಲಿಲ್ಲ. ಕುಂಸಿಯಲ್ಲಿ ಮಾವ ಚೌಡಪ್ಪ ಜಗಲಿಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದರು. ಒಬ್ಬ ಕರಿಯಣ್ಣನ ಮುಂದೆ ಹೇಳಲಾಗದ್ದನ್ನು ಶಿವಯೋಗಪ್ಪನವರು ಆ ಐವರ ಮುಂದೆ, ಅಂಗಳದಲ್ಲಿ ನಿಂತು, ಮೊದಲಿಂದ ಕೊನೆಯವರೆಗೆ ಹೇಳಿದರು. ಚೌಡಪ್ಪ ಕೇಳಿಸಿಕೊಂಡರು. ಎದ್ದು ಬಂದು ಅಳಿಯನ ಹೆಗಲ ಮೇಲೆ ಕೈಯಿಟ್ಟು, "ಒಳಗೆ ಬಾರಪ್ಪ, ಕೈಕಾಲು ತೊಳ್ಕೊ, ಊಟ ಮಾಡು" ಎಂದರು.

ಶಿವಯೋಗಪ್ಪನವರನ್ನು ಯಾರೂ ಕರೆಯಲಿಲ್ಲ. ಕರೆಯದಿದ್ದುದೇ ಸರಿ ಎನ್ನಿಸಿತು ಅವರಿಗೆ. ಕುಂಟುತ್ತ ರಸ್ತೆಗೆ ಬಂದು, ಶಿವಮೊಗ್ಗದ ಬಸ್ಸಿಗೆ ಕಾಯುತ್ತ ನಿಂತರು.