ಕಿರುಗುಟ್ಟುವ ಕಾರಿನಲ್ಲಿ ಹಿರಿಯೂರಿಗೆ

ಇವತ್ತು ಬೆಳಿಗ್ಗೆ ನಮ್ಮ ಮನೆಯ ಮುಂದೆ ತೆಂಗಿನಕಾಯಿ ಹೇರಿದ ಗಾಡಿಯೊಂದು ನಿಂತಿತ್ತು. ಗಾಡಿಯವನು ಬಗ್ಗಿ ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದ. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟೆ. ನಿಮಗಾದರೆ ಈ ವಾಸನೆಗೆ ಗಾಡಿ, ಎತ್ತು ನೆನಪಾಗಬಹುದು. ನನಗೆ ನೆನಪಾಗುವುದು ಕಾರು, ಅದರಲ್ಲೂ ನಮ್ಮ ರುದ್ರಪ್ಪ ಮಾವನ ಕಾರು.

ರುದ್ರಪ್ಪ ಮಾವ ನನ್ನ ತಾಯಿಯ ತಮ್ಮ. ಮಹಾರಾಜರ ಕಾಲದಲ್ಲಿ ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದರು. ಚಿತ್ರದುರ್ಗದ ಕಡೆ ಗಣಿ ಕೆಲಸಕ್ಕೆ ಬಂದಿದ್ದ ಬಿಳಿಯ ಇಂಜಿನಿಯರನೊಬ್ಬ ತನ್ನ ದೇಶಕ್ಕೆ ಹೊರಟಾಗ ಅವನ ಹಳೆಯ ಕಾರನ್ನು ಮಾವ ಕೊಂಡರು. ಉದ್ದ ಮೂತಿ, ಮುಂದೆ ಎರಡೇ ಸೀಟು, ಹಿಂದೆ ಮುಚ್ಚಳ ತೆರೆದರೆ ಇಬ್ಬರು ಮುದುರಿ ಕೂರುವ ಗೂಡು. ಜೋರಾಗಿ ಓಡುವುದಕ್ಕೆಂದೇ ಮಾಡಿದ ಕಾರು ಅದು. ಗಾಡಿ ಜಾಡಿನ ನಮ್ಮ ರಸ್ತೆಗಳಲ್ಲಿ ಅದನ್ನು ಓಡಿಸುವುದೆಂದರೆ ಕುದುರೆಯನ್ನು ಅಟ್ಟದ ಮೇಲೆ ಕಟ್ಟಿದ ಹಾಗೆ.

ಕೊಂಡ ಹೊಸತರಲ್ಲೇ ಹೆಂಡತಿ ಪಾರ್ವತತ್ತೆಯನ್ನು ಕೂರಿಸಿಕೊಂಡು ಮಾವ ಹಿರಿಯೂರಿಗೆ, ಅವಳ ತವರಿಗೆ ಹೊರಟರು. ಊರು ಇನ್ನೇನು ಬಂತು ಎನ್ನುವಾಗ ದೀಪ ಮಂಕಾಯಿತು, ಎಂಜಿನ್ ನಿಂತಿತು. ಆ ಕಾರಿನಲ್ಲಿ ದೀಪಕ್ಕಷ್ಟೇ ಅಲ್ಲ, ಎಂಜಿನ್ ಉರಿಸುವ ಕಿಡಿಗೂ ಬ್ಯಾಟರಿಯೇ ಗತಿ. ಕೊನೆಗೆ ಹೊಲದಿಂದ ಒಂದು ಜೋಡಿ ಎತ್ತು ಹಿಡಿದು ತಂದು, ಮುಂದಕ್ಕೆ ಕಟ್ಟಿ, ಅತ್ತೆಯ ತವರುಮನೆಗೆ ಹೋಗಿದ್ದಾಯಿತು. ಅತ್ತೆಯ ತಂದೆ ಚನ್ನಬಸಪ್ಪಜ್ಜ ಜಗುಲಿಯ ಮೇಲೆ ಕೂತು ಎಲ್ಲವನ್ನೂ ನೋಡಿದರು.

"ಎತ್ತು ಚೆನ್ನಾಗವೆ ಅಳಿಯಂದಿರೇ. ಗಾಡಿ ಮಾತ್ರ ಒಂದ್ ನಮೂನಿ ಐತೆ" ಎಂದರು.

ಜಗುಲಿಯಲ್ಲಿದ್ದವರೆಲ್ಲ ನಕ್ಕರು. ಮಾವ ಬಡಿಸಿದ ಎಲೆಯನ್ನು ಬಿಟ್ಟು ಎದ್ದರು. ಇನ್ನು ಈ ಮನೆಗೆ ಬಂದರೆ ಇದೇ ಕಾರಿನಲ್ಲಿ ಎಂದು ಸಾರಿದರು. ಅಳಿಯ ಎಲೆ ಬಿಟ್ಟು ಎದ್ದದ್ದು ಅಜ್ಜನಿಗೆ ಸಹಿಸಲಾಗಲಿಲ್ಲ. ಆ ಕಾರು ಎತ್ತಿಲ್ಲದೆ ತನ್ನ ಬಾಗಿಲಿಗೆ ಬರುವ ತನಕ ಮಗಳ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಅವರೂ ಪಟ್ಟು ಹಿಡಿದರು. ಗಂಡಸರ ಹಟ ಗಂಡಸರಿಗೆ ಚಂದ. ಹಬ್ಬದ ಮೇಲೆ ಹಬ್ಬ ಬಂದು ಹೋಯಿತು. ಅತ್ತೆ ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತ, "ತಾಯಿ ಇಲ್ದೋಳು ನಾನು. ಇರೋದು ಒಬ್ಬ ಅಪ್ಪ. ಅವನ್ನ ಒಂದು ಕಾರಿನ ಕೈಗೆ ಕೊಟ್ಟು ಕುಂತಿದೀನಿ" ಎಂದು ನನ್ನ ಮುಂದೆ ಅತ್ತಳು. ಕಾರನ್ನು ನಾನೇ ಸರಿಮಾಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ನನ್ನ ಯೋಗ್ಯತೆಯನ್ನೂ ಸ್ವಲ್ಪ ಹೇಳಬೇಕು. ವಿಜ್ಞಾನ ತೆಗೆದುಕೊಂಡು ಇಂಟರ್‌ಮೀಡಿಯಟ್ ಪಾಸು ಮಾಡಿ, ಕೆಲಸ ಸಿಗುವ ತನಕ ಮಾವನ ಮನೆಯಲ್ಲಿ ಉಂಡುಕೊಂಡಿದ್ದೆ. ವಿದ್ಯುಚ್ಛಕ್ತಿಯ ಪಾಠ ಬಾಯಿಪಾಠವಾಗಿತ್ತು. ಆದ್ದರಿಂದ ಹೊಸದುರ್ಗದ ಮಟ್ಟಿಗೆ ನಾನೇ ಕಾರಿನ ವೈದ್ಯ. ಮೊದಲು ಬ್ಯಾಟರಿಯ ಕೊನೆಗಳಲ್ಲಿ ಕಟ್ಟಿದ್ದ ಹಸಿರು ಕಿಲುಬನ್ನು ಬಿಸಿನೀರಲ್ಲಿ ತೊಳೆದೆ. ಬ್ಯಾಟರಿಗೆ ವಯಸ್ಸಾಗಿದೆ ಎಂದೆ. ಹೊಸ ಬ್ಯಾಟರಿ ರೈಲಿನಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬಂತು. ಅದನ್ನು ನಂಬಿ ಮಾವ ಮತ್ತೆ ಹಿರಿಯೂರಿಗೆ ಹೊರಟರೆ ಮತ್ತೋಡಿನ ಹತ್ತಿರವೇ ಕಾರು ಕಾಲು ಚಾಚಿತು. ಈ ಸಲ ಎತ್ತುಗಳು ಹೊಸದುರ್ಗಕ್ಕೆ ಎಳೆದು ತಂದವು. ಮಾವ ನನ್ನ ಕಡೆ ನೋಡಿದ ನೋಟಕ್ಕೆ ಆ ರಾತ್ರಿ ನಾನು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಬ್ಯಾಟರಿ ನಮ್ಮ ಊರಿನ ಕೆರೆ ಇದ್ದ ಹಾಗೆ. ಹೊಸ ಏರಿ ಕಟ್ಟಿದರೇನು, ಕಾಲುವೆಯಲ್ಲಿ ನೀರು ಬರಬೇಕಲ್ಲ. ನೀರು ತುಂಬುವುದು ಡೈನಮೊ. ಎಂಜಿನ್ ತಿರುಗಿದಾಗ ಒಂದು ಚರ್ಮದ ಪಟ್ಟಿ ಈ ಡೈನಮೊವನ್ನೂ ತಿರುಗಿಸುತ್ತದೆ. ಅದು ಹುಟ್ಟಿಸಿದ ವಿದ್ಯುತ್ತು ಬ್ಯಾಟರಿಗೆ ಹೋಗುತ್ತಿದ್ದರೆ ಚಾಲಕನ ಮುಂದಿನ ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಬಲಕ್ಕೆ ವಾಲಬೇಕು. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ತುಸು ಚೇತರಿಸಿಕೊಂಡು ಎಂಜಿನ್ ಒಂದಿಷ್ಟು ಹೊತ್ತು ಓಡುತ್ತಿತ್ತು, ಆದರೆ ನಮ್ಮ ಮುಳ್ಳು ಎಡ ಬಿಟ್ಟು ಏಳುತ್ತಿರಲಿಲ್ಲ. ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಉಜ್ಜಿದೆ. ಡೈನಮೊದ ಹೊಟ್ಟೆ ತೆರೆದು ಒಳಗಿನ ಮಸಿ ಒರೆಸಿದೆ. ನನ್ನ ಪಂಚೆ ಕಪ್ಪಾಯಿತೇ ಹೊರತು ಮುಳ್ಳು ಜಗ್ಗಲಿಲ್ಲ.

ಒಂದು ಸೋಮವಾರ ಮೂತಿಯ ಮುಚ್ಚಳ ತೆಗೆದು, ಮಾವನಿಗೆ ಎಂಜಿನ್ ಜೋರು ಮಾಡಲು ಹೇಳಿ, ಸುಮ್ಮನೆ ನೋಡುತ್ತ ನಿಂತೆ. ಮೊದಲೇ ಹಾಗೆ ನಿಲ್ಲಬೇಕಿತ್ತು. ಎಂಜಿನ್ನಿನ ಗಾಲಿ ಗರಗರ ತಿರುಗುತ್ತಿದೆ, ಡೈನಮೊದ ಗಾಲಿ ಮಾತ್ರ ಊಟ ಮಾಡಿ ಮಲಗಿದವರ ಹಾಗೆ ಆಗೊಮ್ಮೆ ಈಗೊಮ್ಮೆ ಹೊರಳುತ್ತಿದೆ. ಮಜ್ಜಿಗೆ ತಂದ ಅತ್ತೆಯೂ ಇಣುಕಿದಳು. ಎಂಜಿನ್ ನಿಂತ ಮೇಲೆ ಪಟ್ಟಿಯನ್ನು ಮುಟ್ಟಿ ಬೆರಳು ಮೂಸಿದಳು.

"ಇದಕ್ಕೆ ಕೀಲೆಣ್ಣೆ ಯಾರು ಹಚ್ಚಿದ್ದು?"

"ನಾನೇ" ಎಂದರು ಮಾವ. "ತಂದ ದಿವ್ಸದಿಂದ ಕಿರುಗುಡ್ತಿತ್ತು. ಸೋಮವಾರ ಪೂಜೆ ಆದ್ಮೇಲೆ ತಪ್ಪದೆ ಹಚ್ತೀನಿ. ಈಗ ನೋಡು, ಉಸಿರಿಲ್ಲ."

ಇದನ್ನು ತಿಳಿಯದವರು ನಗಬಾರದು. ನಮ್ಮ ಕಡೆ ಕಿರುಗುಟ್ಟುವ ಗಾಡಿ ಎಂದರೆ ಯಜಮಾನನ ಮಾನ ಬೀದಿಗೆ ಬಿದ್ದಂತೆ. ಕೀಲೆಣ್ಣೆಗೂ ಗತಿಯಿಲ್ಲವೇ ಎಂದು ಹೊಲದಲ್ಲಿರುವವರು ಕೂಗಿ ಕೇಳುತ್ತಾರೆ. ಮಾವನ ಐದು ಗಾಡಿಗಳು ಸಂತೆಗೆ ಹೊರಟರೆ ಗಂಟೆಯ ಸದ್ದು ಬಿಟ್ಟು ಬೇರೆ ಸದ್ದು ಇರುತ್ತಿರಲಿಲ್ಲ. ಅಂಥವರು ಕಾರಿಗೆ ಎಣ್ಣೆ ಕಡಿಮೆ ಮಾಡುತ್ತಾರೆಯೇ?

ಅತ್ತೆ ಮನೆಯಲ್ಲಿ ನೂಲುವ ರಾಟೆ ತಿರುಗಿಸುವವಳು. ರಾಟೆಯ ಚಕ್ರಕ್ಕೂ ನೂಲು ಸುತ್ತುವ ಕದಿರಿಗೂ ನಡುವೆ ಒಂದು ದಾರವೇ ಪಟ್ಟಿ. "ರಾಟೆ ದಾರಕ್ಕೆ ಎಣ್ಣೆ ಹಚ್ಚಿದ್ರೆ ಕದಿರು ತಿರುಗ್ತೈತೇನ್ರಿ? ದಾರ ಜಾರ್ತೈತೆ. ನಾವು ರಾಳ ಉಜ್ಜಾದು ಯಾಕೆ, ಹಿಡೀಲಿ ಅಂತ" ಎಂದಳು. ಮಾವ ನನ್ನನ್ನು ನೋಡಿದರು, ನಾನು ಮಜ್ಜಿಗೆ ನೋಡಿದೆ.

ಪಟ್ಟಿಯನ್ನು ಕಳಚಿ ಸೀಗೆಪುಡಿ ಹಾಕಿ ತಿಕ್ಕಿದೆವು, ಒಣಗಿಸಿದೆವು. ಅತ್ತೆ ರಾಳದ ಪುಡಿ ಉಜ್ಜಿದಳು. ನಾನು ಡೈನಮೊವನ್ನು ಆಚೆಗೆ ಸರಿಸಿ ಪಟ್ಟಿಯನ್ನು ಬಿಗಿ ಮಾಡಿದೆ. ಎಂಜಿನ್ ಹಚ್ಚಿದ ಕೂಡಲೆ ಮುಳ್ಳು ಬಲಕ್ಕೆ ವಾಲಿತು. ಜೊತೆಗೇ ಹಂದಿ ಹಿಡಿದವರ ಮನೆಯಂತೆ ಕಿರುಚಾಟವೂ ಶುರುವಾಯಿತು. ಆ ಹಳೆಯ ಪಟ್ಟಿ ಹಿಡಿತ ಕೊಟ್ಟರೆ ಸದ್ದನ್ನೂ ಕೊಡುತ್ತಿತ್ತು, ಸದ್ದು ನಿಲ್ಲಿಸಿದರೆ ಹಿಡಿತವೂ ಇಲ್ಲ. ಮಾವನ ಮುಖ ಸಣ್ಣದಾಯಿತು.

"ಈ ಸದ್ದು ಮಾಡ್ಕೊಂಡು ಅತ್ತೆಮನೆ ಬೀದೀಲಿ ಹೋಗಾದಾ? ಮುಖ ಎಲ್ಲಿ ಇಟ್ಕಳ್ಲಿ ನಾನು?"

"ಎತ್ತು ಕಟ್ಕೊಂಡು ಹೋದಾಗ ಎಲ್ಲಿ ಇಟ್ಕಂಡಿದ್ರಿ, ಅಲ್ಲೇ ಇಟ್ಕಳ್ರಿ" ಎಂದಳು ಅತ್ತೆ. ಆಮೇಲೆ ದನಿ ತಗ್ಗಿಸಿ, "ನನಗೋಸ್ಕರ ಒಂದ್ಸಲ ನಗೆಪಾಟಲಾಗ್ರಿ" ಎಂದಳು.

ಮಾವ ಕೀಲೆಣ್ಣೆ ತುಂಬಿದ ಬಿದಿರಿನ ಗೊಟ್ಟವನ್ನು ಅಟ್ಟಕ್ಕೆ ಎಸೆದು, "ಹೋಗಾಣ ನಡಿ" ಎಂದರು. ಅವರ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದನ್ನು ನಾನು ನೋಡಿಲ್ಲ.

ದಾರಿಯ ಉದ್ದಕ್ಕೂ ಜನ ಕೆಲಸ ಬಿಟ್ಟು ನಿಂತರು. ಮತ್ತೋಡಿನಲ್ಲಿ ಒಬ್ಬ ಪುಣ್ಯಾತ್ಮ ತನ್ನ ಗಾಡಿಯ ಕೀಲೆಣ್ಣೆ ಹಿಡಿದು, "ನಿಲ್ರಿ ಸ್ವಾಮಿ, ತುಸ ಹಚ್ಕೊಂಡು ಹೋಗ್ರಿ, ಕಿವಿ ಕಿತ್ತೋಗ್ತವೆ" ಎಂದು ಹಿಂದೆಯೇ ಓಡಿ ಬಂದ. ಮಾವ ತಲೆ ಎತ್ತಲಿಲ್ಲ. ಮುಸ್ಸಂಜೆಗೆ ದೀಪ ಹಚ್ಚಿದೆವು. ಹಿಂದಿನ ಗೂಡಿನಲ್ಲಿ ಕೂತಿದ್ದ ನಾನು ಎದ್ದು ಎದ್ದು ನೋಡಿದೆ. ದೀಪ ಮಂಕಾಗಲಿಲ್ಲ.

ಹಿರಿಯೂರಿನ ಮನೆಯ ಮುಂದೆ ಅಜ್ಜ ಲಾಟೀನು ಹಿಡಿದು ನಿಂತಿದ್ದರು. ಕಾರಿನ ಮುಂದೆ ಬಂದು ನೋಡಿದರು, ಹಿಂದೆ ಹೋಗಿ ನೋಡಿದರು. ಎತ್ತು ಇರಲಿಲ್ಲ.

"ಸದ್ದು ಹೊಳೆ ಆಚೆಯಿಂದಾನೇ ಕೇಳ್ತು" ಎಂದರು. "ಇಂಥ ಬಂಡೀಲಿ ನಾಚಿಕೆ ಬಿಟ್ಟು ಬರ್ಬೇಕಾದ್ರೆ ನಮ್ಮೋರೇ ಇರ್ಬೇಕು ಅಂದ್ಕಂಡೆ. ಒಳಗೆ ಎಲೆ ಹಾಕೈತೆ, ಬರ್ರಿ ಅಳಿಯಂದಿರೇ."

ಅತ್ತೆ ಇಳಿದವಳೇ ಅಪ್ಪನ ಕೈ ಹಿಡಿದುಕೊಂಡು ಅತ್ತಳು. ಮಾವ ಈ ಸಲ ಎಲೆ ಬಿಟ್ಟು ಏಳಲಿಲ್ಲ. ಮೂರು ಸಲ ಹಾಕಿಸಿಕೊಂಡು ಉಂಡರು.

ಮರುದಿನ ಅಜ್ಜ ರುಮಾಲು ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತು ಹೊಸದುರ್ಗಕ್ಕೆ ಬಂದರು. ಎರಡು ದಿನಕ್ಕೆಂದು ಬಂದವರು. ಮಾವ ಊರಿಗೆ ಬಿಟ್ಟು ಬರಲೇ ಎಂದು ಕೇಳಿದಾಗಲೆಲ್ಲ ಅಜ್ಜ ಕಾರಿನ ಹತ್ತಿರ ಹೋಗಿ ಮುಳ್ಳನ್ನು ಇಣುಕಿ ನೋಡಿ, "ಬ್ಯಾಟರಿ ಇನ್ನೂ ಸರಿಯಾಗಿ ತುಂಬಿಲ್ಲ ಅನ್ಸುತ್ತೆ. ಇನ್ನೆರಡು ದಿವ್ಸ ನೋಡಾಣ" ಎನ್ನುತ್ತಿದ್ದರು. ನಿಂತ ಕಾರಿನಲ್ಲಿ ಮುಳ್ಳು ಏನನ್ನೂ ಹೇಳುವುದಿಲ್ಲ. ಅದನ್ನು ಅವರಿಗೆ ನಾನೂ ಹೇಳಲಿಲ್ಲ, ಮಾವನೂ ಹೇಳಲಿಲ್ಲ. ತೆಂಗಿನ ಕೊಯ್ಲು ಮುಗಿಯುವ ತನಕ ಬ್ಯಾಟರಿ ತುಂಬಲೇ ಇಲ್ಲ.

ಅವರು ಯಾರೂ ಈಗಿಲ್ಲ. ನನ್ನ ಮಗಳು ಹೊಳಲ್ಕೆರೆಯಲ್ಲಿದ್ದಾಳೆ. ಬಂದು ಹೋಗಪ್ಪ ಎಂದು ಹೇಳಿಕಳಿಸುತ್ತಲೇ ಇರುತ್ತಾಳೆ. ಗಾಡಿಯವನು ಹೊರಟುಹೋದ ಮೇಲೆ ನನ್ನವಳನ್ನು ಕರೆದು, ಚೀಲಕ್ಕೆ ಎರಡು ಪಂಚೆ ಹಾಕು, ನಿನ್ನ ಸೀರೆಯೂ ಇರಲಿ, ಮಧ್ಯಾಹ್ನದ ಬಸ್ಸಿಗೆ ಹೊರಡೋಣ ಎಂದೆ.

"ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ಏನು ನೆಪ ಹೇಳ್ತೀರಿ?" ಎಂದಳು.

ಹೋಗುವುದಕ್ಕೆ ನೆಪ ಬೇಕಿಲ್ಲ, ಉಳಿದುಕೊಳ್ಳುವುದಕ್ಕೆ ಒಂದು ಬೇಕು. ನನ್ನ ಹತ್ತಿರ ಕಾರಿಲ್ಲ. ಬ್ಯಾಟರಿ ಅಂತ ಇರುವುದು ಟಾರ್ಚಿನಲ್ಲಿ ಮಾತ್ರ. ಅದನ್ನೂ ಚೀಲಕ್ಕೆ ಹಾಕು ಎಂದೆ.