ನನ್ನ ಮೇಲಿನ ದೂರನ್ನು ನಾನೇ ತಿದ್ದಿಕೊಟ್ಟದ್ದು

ನಾನು ವಿದೇಶದಲ್ಲಿ ಪಳಗಿದ ಇಂಗ್ಲಿಷ್ ಟೀಚರು. ಇದನ್ನು ನಾನು ಹೇಳುತ್ತಿಲ್ಲ, ಪುಲ್ಪಳ್ಳಿ ಪೇಟೆಯ ಒಂದು ಬೇಕರಿಯ ಮೇಲಿನ ಮಹಡಿಗೆ ಕಟ್ಟಿದ್ದ ಫ್ಲೆಕ್ಸ್ ಹೇಳುತ್ತಿತ್ತು. ಒಂದು ಮೂಲೆಯಲ್ಲಿ ವಿಮಾನ, ಇನ್ನೊಂದು ಮೂಲೆಯಲ್ಲಿ ಯಾವುದೋ ಗಡಿಯಾರದ ಗೋಪುರ, ನಡುವೆ ರೇಷನ್ ಕಾರ್ಡಿನಿಂದ ಕಿತ್ತು ಅಂಟಿಸಿದಂತಿದ್ದ ನನ್ನ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ ‘ವಿದೇಶದ ಅನುಭವವುಳ್ಳ ಅಧ್ಯಾಪಕಿ’. ಆ ಅನುಭವ ಏನೆಂದರೆ, ನನ್ನ ಮನೆ ಇರುವುದು ಕಬಿನಿಯ ಆಚೆ ದಡದ ಬೈರಕುಪ್ಪೆಯಲ್ಲಿ, ಅಂದರೆ ಕರ್ನಾಟಕದಲ್ಲಿ. ಬೆಳಿಗ್ಗೆ ದೋಣಿ ಹತ್ತಿ ಪೆರಿಕಲ್ಲೂರಿನಲ್ಲಿ ಇಳಿದರೆ ಕೇರಳ. ದೋಣಿಯವನು ಹಚ್ಚಿದ ಬೀಡಿ ಮುಗಿಯುವುದರೊಳಗೆ ನಾನು ವಿದೇಶ ತಲುಪಿರುತ್ತಿದ್ದೆ. ಅಲ್ಲಿಂದ ಪುಲ್ಪಳ್ಳಿಗೆ ಬಸ್ಸು.

“ಸರ್, ಇದು ಸುಳ್ಳಲ್ವಾ?” ಎಂದು ನಮ್ಮ ಅಕಾಡೆಮಿಯ ಡೈರೆಕ್ಟರನ್ನು ಕೇಳಿದ್ದೆ. “ನದಿ ದಾಟಿ ಬರ್ತೀರಲ್ಲ ಟೀಚರ್, ಎಷ್ಟು ದೊಡ್ಡ ನದಿ ಅಂತ ಯಾರು ಕೇಳ್ತಾರೆ?” ಎಂದರು. ಅವರು ಮೊದಲು ಕರಿಮೆಣಸಿನ ವ್ಯಾಪಾರ ಮಾಡುತ್ತಿದ್ದವರು. ವಯನಾಡಿನಿಂದ ಮೆಣಸಿಗಿಂತ ನರ್ಸುಗಳು ಬೇಗ ರಫ್ತಾಗುತ್ತಾರೆ ಎಂಬುದನ್ನು ಕಂಡುಕೊಂಡು ಅಕಾಡೆಮಿ ತೆರೆದಿದ್ದರು. ಹೊರದೇಶದ ಆಸ್ಪತ್ರೆಗಳಿಗೆ ಹೋಗಬೇಕಾದರೆ ಇಂಗ್ಲಿಷ್ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ಆ ಪರೀಕ್ಷೆಗೆ ತಯಾರು ಮಾಡುವುದು ನನ್ನ ಕೆಲಸ. ಗಂಡ ಡ್ರೈವರ್ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ಕಾಲ ಅದು. ಮನೆ ನಡೆಯುತ್ತಿದ್ದದ್ದು ನನ್ನ ಬಾಯಿಂದ. ಹಾಗಾಗಿ ಫ್ಲೆಕ್ಸಿನ ವಿಚಾರದಲ್ಲಿ ಆ ಬಾಯನ್ನು ಮುಚ್ಚಿಕೊಂಡೆ.

ಆ ಬ್ಯಾಚಿನಲ್ಲಿ ಹದಿನಾಲ್ಕು ಜನ. ಎಲ್ಲರೂ ದೊಡ್ಡವರೇ, ಆಸ್ಪತ್ರೆಗಳಲ್ಲಿ ದುಡಿದವರು, ರಕ್ತ ಕಂಡವರು. ಸಣ್ಣ ಮಕ್ಕಳ ತಂಟೆಯನ್ನು ನಾನು ಹತ್ತು ವರ್ಷ ಸಹಿಸಿದ್ದೆ, ಅದಕ್ಕೆ ಮದ್ದೂ ಗೊತ್ತಿತ್ತು. ಮೂವತ್ತು ವರ್ಷದವರ ತಂಟೆಗೆ ಮದ್ದಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದರೆ ಬೆಂಚು ಮುರಿಯುತ್ತದೆ. ಅವರೆಲ್ಲರ ಮುಂದಾಳು ಗಲ್ಫಿನ ಆಸ್ಪತ್ರೆಯೊಂದರಲ್ಲಿ ನಾಲ್ಕು ವರ್ಷ ಇದ್ದು ಬಂದ ಒಬ್ಬ ನರ್ಸ್. ಅವಳನ್ನು ಇಲ್ಲಿ ಗಲ್ಫಿನವಳು ಎಂದೇ ಕರೆಯುತ್ತೇನೆ. ಅವಳು ಮೊದಲ ದಿನವೇ ನನ್ನನ್ನು ‘ಚೇಚಿ’ ಎಂದಳು. ಚೇಚಿ ಎಂದರೆ ಅಕ್ಕ, ಒಳ್ಳೆಯ ಮಾತೇ. ಆದರೆ ಕೇರಳದಲ್ಲಿ ಪಾಠ ಹೇಳುವವಳನ್ನು ಟೀಚರ್ ಎನ್ನುತ್ತಾರೆ. ಬಟ್ಟೆ ಅಂಗಡಿಯಲ್ಲಿ ನೈಟಿಯ ಮಡಿಕೆ ಬಿಚ್ಚಿ ತೋರಿಸುವವಳನ್ನು ಚೇಚಿ ಎನ್ನುತ್ತಾರೆ. ಎರಡನೇ ದಿನಕ್ಕೆ ಕ್ಲಾಸಿಗೆ ಕ್ಲಾಸೇ ನನ್ನನ್ನು ಚೇಚಿ ಎನ್ನತೊಡಗಿತು.

ನಾನು ಮಾತಾಡುತ್ತಿರುವಾಗ ಅವಳ ಒಂದು ಕಿವಿಯಲ್ಲಿ ಇಯರ್‌ಬಡ್ ಇರುತ್ತಿತ್ತು. ಆ ಕಿವಿಯಲ್ಲಿ ಯೂಟ್ಯೂಬಿನ ಬಿಳಿಯ ಮೇಷ್ಟ್ರು, ಈ ಕಿವಿಯಲ್ಲಿ ನಾನು. ನಾನು ಏನಾದರೂ ಹೇಳಿದ ಕೂಡಲೇ ಕೈ ಎತ್ತಿ, “ಚೇಚಿ, ಈ ಸಾರ್ ಹಂಗೆ ಹೇಳ್ತಿಲ್ಲವಲ್ಲ” ಎನ್ನುತ್ತಿದ್ದಳು. ಉಳಿದವರು ಕಿಸಕ್ ಎನ್ನುತ್ತಿದ್ದರು. ಸಂಜೆಯ ಕೊನೆಯ ದೋಣಿ ತಪ್ಪಬಾರದೆಂದು ನಾನು ನಾಲ್ಕೂವರೆಯಿಂದ ಗಡಿಯಾರ ನೋಡುತ್ತಿದ್ದೆ. ಅದನ್ನು ಪತ್ತೆ ಹಚ್ಚಿದ ಮೇಲೆ ಸರಿಯಾಗಿ ಐದಕ್ಕೆ ಐದು ನಿಮಿಷವಿದ್ದಾಗ ಅವರಿಗೆಲ್ಲ ಒಟ್ಟಿಗೆ ಡೌಟು ಬರತೊಡಗಿತು. ದಿನವಿಡೀ ಕಲ್ಲಿನಂತೆ ಕೂತವರು ಆ ಹೊತ್ತಿಗೆ ಜ್ಞಾನಕ್ಕಾಗಿ ಹಸಿದ ಮುನಿಗಳಾಗುತ್ತಿದ್ದರು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸಿಗೆ ಓಡುವುದನ್ನು ಮಹಡಿಯಿಂದ ನೋಡಿ ಚಪ್ಪಾಳೆ ತಟ್ಟುತ್ತಿದ್ದರು.

ಆ ಹದಿನಾಲ್ಕರಲ್ಲಿ ಒಬ್ಬಳೇ ಒಬ್ಬಳು ನಾನು ಒಳಗೆ ಬಂದಾಗ ಎದ್ದು ನಿಲ್ಲುತ್ತಿದ್ದಳು. ಪೆರಿಕಲ್ಲೂರಿನ ಕನ್ನಡದವಳು, ನನಗಿಂತ ಎಂಟೊಂಬತ್ತು ವರ್ಷಕ್ಕೆ ದೊಡ್ಡವಳು. ಅವಳ ಅಜ್ಜನ ಕಾಲದಲ್ಲಿ ಹೆಗ್ಗಡದೇವನಕೋಟೆ ಕಡೆಯಿಂದ ಬಂದು ಅಲ್ಲಿ ಜಮೀನು ಮಾಡಿದ ಮನೆ. ಇಪ್ಪತ್ತು ವರ್ಷ ನರ್ಸಾಗಿದ್ದರೂ ಈ ಪರೀಕ್ಷೆಗೆ ನಾಲ್ಕು ಸಲ ಕೂತು ನಾಲ್ಕು ಸಲವೂ ಡುಮ್ಕಿ ಹೊಡೆದಿದ್ದಳು. ಬೆಳಗಿನ ಬಸ್ಸಿನಲ್ಲಿ ನನಗಾಗಿ ಪಕ್ಕದ ಸೀಟಿನ ಮೇಲೆ ತನ್ನ ಬ್ಯಾಗ್ ಇಟ್ಟುಕೊಂಡು ಬರುತ್ತಿದ್ದಳು.

“ಇವತ್ತು ದೋಣಿ ವೈಗಿ ಬಂತಾ ಮೇಡಂ?”

“ಹೌದು ಅಕ್ಕ, ತಡವಾಯ್ತು. ನಿಮಗೆ ತೊಂದರೆ ಆಯ್ತಾ, ಸೀಟು ಹಿಡಿಯೋಕೆ?”

“ಕೊಳಪ್ಪ ಇಲ್ಲ ಮೇಡಂ. ಕಂಡಕ್ಟರಿಗೆ ಹೇಳಿದೆ, ನಮ್ ಟೀಚರು ಬತ್ತಾರೆ, ಒಂಚೂರು ನಿಲ್ಲಪ್ಪಾ ಅಂತ.”

ತೊಂದರೆಯಿಲ್ಲ ಎನ್ನುವುದಕ್ಕೆ ಅವರ ಮನೆಯ ಕನ್ನಡದಲ್ಲಿ ಕೊಳಪ್ಪ ಇಲ್ಲ ಎನ್ನುತ್ತಾರೆ, ಮಲಯಾಳದಿಂದ ಬಂದ ಮಾತು. ಬಸ್ಸಿನಲ್ಲಿ ಇಬ್ಬರೂ ಮುಕ್ಕಾಲು ಗಂಟೆ ಕನ್ನಡದಲ್ಲಿ ಹರಟುತ್ತಿದ್ದೆವು. ದಿನದಲ್ಲಿ ನನಗೆ ಯಾರಾದರೂ ಮರ್ಯಾದೆ ಕೊಡುತ್ತಿದ್ದರೆ ಅದು ಆ ಮುಕ್ಕಾಲು ಗಂಟೆ ಮಾತ್ರ.

ಒಂದು ದಿನ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಗಲ್ಫಿನವಳು ಕೂತಿದ್ದಳಂತೆ. ಅವತ್ತು ಕ್ಲಾಸಿನಲ್ಲಿ ಎದ್ದು ನಿಂತು, “ಚೇಚಿಗೆ ಕನ್ನಡದವರು ಅಂದ್ರೆ ಪ್ರೀತಿ ಜಾಸ್ತಿ. ಬಸ್ಸಲ್ಲೇ ಟ್ಯೂಷನ್ ನಡೀತದೆ, ನಮಗೆ ಇಲ್ಲ” ಎಂದಳು. ಗಡಿಯಲ್ಲಿ ಬದುಕುವವರಿಗೆ ಈ ಮಾತು ಎಲ್ಲಿಗೆ ತಗಲುತ್ತದೆಂದು ಹೊರಗಿನವರಿಗೆ ಹೇಳಿದರೆ ಗೊತ್ತಾಗುವುದಿಲ್ಲ. ಇಲ್ಲಿ ಕಳ್ಳಿ ಎಂದರೂ ಜಗಳವಾಡಿ ಸುಮ್ಮನಾಗಬಹುದು, ಭಾಷೆ ನೋಡಿ ಪಕ್ಷ ವಹಿಸುತ್ತಾಳೆ ಎನ್ನಿಸಿಕೊಂಡರೆ ಪೇಟೆಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಅದಕ್ಕೇ ಇಲ್ಲಿ ರೇಷನ್ ಅಂಗಡಿಯಲ್ಲಿ ಕೂತ ಕನ್ನಡದವನು ಕನ್ನಡದವರಿಗೆ ಎಲ್ಲರಿಗಿಂತ ಕಡೆಗೆ ಅಕ್ಕಿ ಅಳೆಯುತ್ತಾನೆ. ನಾನೂ ಅದನ್ನೇ ಮಾಡಿದೆ. ಕೂಡಲೇ ಆ ಅಕ್ಕನನ್ನು ಎಬ್ಬಿಸಿ, ನಿಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿ ಎಂದೆ.

ಅವಳು ಒಂದೊಂದು ಪದಕ್ಕೂ ನಿಂತು, ಹುಡುಕಿ, ಮತ್ತೆ ಹೊರಡುತ್ತಿದ್ದಳು. ನಾನು, “ಇದು ನಮ್ಮ ಪೆರಿಕಲ್ಲೂರಿನ ಲೋಕಲ್ ಬಸ್ಸು, ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತದೆ” ಎಂದೆ. ಮಲಯಾಳದಲ್ಲೇ ಹೇಳಿದೆ, ಎಲ್ಲರಿಗೂ ತಿಳಿಯಲಿ ಎಂದು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಲ್ಫಿನವಳು ಇಯರ್‌ಬಡ್ ತೆಗೆದು ನಕ್ಕಳು. ಆ ಕೋಣೆಯಲ್ಲಿ ಮೊದಲ ಸಲ ಅವರೆಲ್ಲ ನನ್ನ ಕಡೆಗಿದ್ದರು, ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಯಿತು. ಅಕ್ಕನೂ ನಕ್ಕಳು, ಅಥವಾ ನಕ್ಕಳೆಂದು ನಾನು ಅಂದುಕೊಂಡೆ. ಅಂದಿನಿಂದ ಕ್ಲಾಸು ಕೈತಪ್ಪುತ್ತಿದೆ ಅನ್ನಿಸಿದಾಗಲೆಲ್ಲ ಲೋಕಲ್ ಬಸ್ಸನ್ನು ಹೊರಡಿಸುತ್ತಿದ್ದೆ. ಬೆಳಿಗ್ಗೆ ಅವಳು ಅಕ್ಕ, ಹತ್ತು ಗಂಟೆಯ ನಂತರ ಲೋಕಲ್ ಬಸ್ಸು.

ಆದರೆ ನಗಿಸಿದಷ್ಟು ಹೊತ್ತು ಮಾತ್ರ ಶಾಂತಿ. ಒಂದು ಸೋಮವಾರ ಡೈರೆಕ್ಟರು ನನ್ನನ್ನು ಕರೆದು ಒಂದು ಹಾಳೆ ಕೈಗಿತ್ತರು. ಮಲಯಾಳದಲ್ಲಿ ಬರೆದ ದೂರು. ಈ ಟೀಚರಿಗೆ ಇಂಗ್ಲಿಷ್ ಬರುವುದಿಲ್ಲ, ಕಲಿಸಲು ಬರುವುದಿಲ್ಲ, ಬದಲಾಯಿಸಿ ಎಂದು. ಕೆಳಗೆ ಹದಿಮೂರು ಸಹಿ. ಇಲ್ಲದ ಹದಿನಾಲ್ಕನೆಯದು ಯಾರದೆಂದು ಎಣಿಸಬೇಕಾಗಿಯೇ ಇರಲಿಲ್ಲ.

“ಬ್ಯಾಚ್ ಎದ್ದು ಬೇರೆ ಅಕಾಡೆಮಿಗೆ ಹೋದ್ರೆ ನಾನು ಬೇಕರಿ ಬನ್ನು ತಿಂದ್ಕೊಂಡು ಇರಬೇಕಾಗ್ತದೆ ಟೀಚರ್” ಎಂದರು. “ತಿಂಗಳ ಕೊನೆಗೆ ಇವರು ಇನ್ನೊಂದು ದೂರು ಕೊಟ್ರೆ ನಿಮ್ಮನ್ನು ಇಟ್ಕೊಳೋಕೆ ಆಗಲ್ಲ.”

ಮನೆಗೆ ಹೋಗಿ ಗಂಡನಿಗೆ ಹೇಳಲಿಲ್ಲ. ಅಕ್ಕಿ ಡಬ್ಬದ ಮುಂದೆ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಸಿಟ್ಟು ಬಂತು, ಸಿಟ್ಟು ಬಂದರೆ ನನಗೆ ಬುದ್ಧಿಯೂ ಬರುತ್ತದೆ. ಮರುದಿನ ಆ ದೂರನ್ನೇ ಕ್ಲಾಸಿಗೆ ಹಿಡಿದುಕೊಂಡು ಹೋದೆ. ಪರೀಕ್ಷೆಯಲ್ಲಿ ಪತ್ರ ಬರೆಯುವ ಪ್ರಶ್ನೆ ಇರುತ್ತದೆ; ಹೋಟೆಲಿನ ಗದ್ದಲದ ಮೇಲೆ ದೂರು, ಕೆಟ್ಟ ವಾಷಿಂಗ್ ಮೆಷೀನಿನ ಮೇಲೆ ದೂರು. ನಮ್ಮವರು ವಾಷಿಂಗ್ ಮೆಷೀನಿನ ಬಗ್ಗೆ ಮೂರು ಸಾಲಿನ ಮೇಲೆ ಬರೆದವರೇ ಅಲ್ಲ.

“ನೋಡಿ, ಇಷ್ಟು ಒಳ್ಳೆ ದೂರು, ಮಲಯಾಳದಲ್ಲಿ ಬರೆದು ಹಾಳು ಮಾಡಿದ್ದೀರಿ” ಎಂದೆ. “ಇಂಗ್ಲಿಷಿನಲ್ಲಿ ಬರೀರಿ. ದಿನಕ್ಕೆ ಒಬ್ಬೊಬ್ಬರು ಒಂದೊಂದು ತಪ್ಪು ಹುಡುಕಿ ಚೀಟಿಯಲ್ಲಿ ಬರೆದು ಈ ಡಬ್ಬಕ್ಕೆ ಹಾಕಿ. ಹೆಸರು ಬೇಡ. ನಾನು ತಿದ್ದಿ ಕೊಡ್ತೇನೆ. ತಿಂಗಳ ಕೊನೆಗೆ ಎಲ್ಲ ಸೇರಿಸಿ ಡೈರೆಕ್ಟರಿಗೆ ಕೊಡಿ. ನನ್ನನ್ನು ಬಾಯಿ ಬಿಟ್ಟು ಬೈಯಬೇಕೆನ್ನಿಸಿದ್ರೆ ಬೈರಿ, ಅದೂ ಇಂಗ್ಲಿಷಿನಲ್ಲೇ. ಅರ್ಧಕ್ಕೆ ನಿಲ್ಲಿಸಬೇಡಿ.”

ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಇಂಥ ಅವಕಾಶ ಯಾರಿಗೆ ಸಿಗುತ್ತದೆ! ಮೊದಲ ದಿನವೇ ನನ್ನ ಬಗ್ಗೆ ಬರೆದ ಚೀಟಿಗಳಿಂದ ಡಬ್ಬ ತುಂಬಿತು. ಅವಳ ಸೀರೆಗೆ ಮೀನಿನ ವಾಸನೆ. ಅವಳು ನಗುವುದಿಲ್ಲ. ಅವಳ ವಿದೇಶ ಈಜಿದರೆ ಸಿಗುತ್ತದೆ. ಅವಳು ಈ ಪರೀಕ್ಷೆಯನ್ನು ಒಂದು ಸಲವೂ ಬರೆದಿಲ್ಲ. ಪ್ರತಿ ಸಂಜೆ ದೋಣಿಯಲ್ಲಿ ಕೂತು ಕೆಂಪು ಪೆನ್ನಿನಿಂದ ನನ್ನ ಅವಗುಣಗಳ ಕಾಗುಣಿತ ತಿದ್ದುತ್ತಿದ್ದೆ. ಅರ್ಥದ ಕಡೆಗೆ ಗಮನ ಕೊಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲವೆಂದು ಬರೀ ವಾಕ್ಯ ನೋಡುತ್ತಿದ್ದೆ. ಚೆನ್ನಾಗಿದ್ದರೆ ಪಕ್ಕದಲ್ಲಿ ಒಂದು ರೈಟು ಹಾಕುತ್ತಿದ್ದೆ.

ಎರಡು ವಾರದಲ್ಲಿ ನನ್ನ ಕಣ್ಣೆದುರೇ ಆಶ್ಚರ್ಯ ನಡೆಯಿತು. ವಾಷಿಂಗ್ ಮೆಷೀನಿನ ಮುಂದೆ ಮೂಕರಾಗಿದ್ದವರು ನನ್ನ ವಿಷಯ ಬಂದರೆ ಧಾರಾಳವಾಗಿ ಇಂಗ್ಲಿಷ್ ಮಾತಾಡತೊಡಗಿದರು. ಗಲ್ಫಿನವಳು ಒಂದು ಮಧ್ಯಾಹ್ನ ನನ್ನ ಗಡಿಯಾರ ನೋಡುವ ಚಟದ ಬಗ್ಗೆ ಆರು ನಿಮಿಷ ಎಡೆಬಿಡದೆ ಮಾತಾಡಿದಳು. ಇಯರ್‌ಬಡ್ ಮೇಜಿನ ಮೇಲೆ ಬಿದ್ದಿತ್ತು. ಯೂಟ್ಯೂಬಿನ ಮೇಷ್ಟ್ರಿಗೆ ನನ್ನ ಗಡಿಯಾರದ ವಿಷಯ ಏನು ಗೊತ್ತು? ಮಾತು ಮುಗಿಸಿ ಅವಳೇ ಬೆರಗಾಗಿ ಕೂತಳು. ದ್ವೇಷ ಎಷ್ಟು ಒಳ್ಳೆಯ ಮೇಷ್ಟ್ರು ಎಂದು ನನಗೆ ಅವತ್ತು ಗೊತ್ತಾಯಿತು. ಐದಕ್ಕೆ ಐದು ನಿಮಿಷವಿದ್ದಾಗ ಏಳುತ್ತಿದ್ದ ಡೌಟುಗಳೂ ನಿಂತವು. ದೂರು ಬರೆಯುವ ಅವಸರದಲ್ಲಿ ಅವರಿಗೆ ತಂಟೆಗೆ ಪುರುಸೊತ್ತಿರಲಿಲ್ಲ.

ನಾನು ಬೀಗಿದೆ. ಬೀಗಿದಾಗ ನನ್ನ ನಾಲಿಗೆ ಇನ್ನೂ ಉದ್ದವಾಗುತ್ತದೆ. ಆ ದಿನಗಳಲ್ಲಿ ಲೋಕಲ್ ಬಸ್ಸನ್ನು ದಿನಕ್ಕೆರಡು ಸಲ ಓಡಿಸಿದೆ.

ತಿಂಗಳ ಕೊನೆಯ ಶುಕ್ರವಾರ ಗಲ್ಫಿನವಳು ಎಲ್ಲ ಚೀಟಿ ಸೇರಿಸಿ, ಟೈಪ್ ಮಾಡಿಸಿ, ಎರಡು ಪುಟದ ದೂರನ್ನು ಡೈರೆಕ್ಟರ ಮೇಜಿನ ಮೇಲಿಟ್ಟಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಡೈರೆಕ್ಟರು ಒಂದು ಸಲ ಓದಿದರು, ಇನ್ನೊಂದು ಸಲ ಓದಿದರು.

“ಇದನ್ನು ಯಾರು ಬರೆದದ್ದು?”

“ನಾವೇ ಸಾರ್.”

“ಟೀಚರಿಗೆ ಕಲಿಸೋಕೆ ಬರಲ್ಲ ಅಂತ ಬರೆದಿದ್ದೀರಲ್ಲ. ಇಂಥ ಇಂಗ್ಲಿಷ್ ಹೋದ ತಿಂಗಳು ನಿಮಗೆ ಬರ್ತಿತ್ತಾ?”

ಗಲ್ಫಿನವಳು ಮೇಜಿನ ಮೇಲಿನ ಪತ್ರದ ಕಡೆ ಇನ್ನೊಮ್ಮೆ ನೋಡಿದಳು. ಆಮೇಲೆ ಅವಳಿಗೇ ನಗು ಬಂತು. “ಇಲ್ಲ ಸಾರ್” ಎಂದಳು, ನನ್ನ ಕಡೆ ತಿರುಗಿ, “ಟೀಚರ್ ಮೋಸ ಮಾಡಿಬಿಟ್ರು” ಎಂದಳು. ಮೆಣಸಿನ ವ್ಯಾಪಾರಿಗೆ ಸರಕಿನ ಗುಣ ತಿಳಿಯುತ್ತದೆ. ಡೈರೆಕ್ಟರು, ಇದನ್ನು ಮುಂದಿನ ಬ್ಯಾಚಿಗೆ ಮಾದರಿ ಪತ್ರವೆಂದು ಜೆರಾಕ್ಸ್ ಮಾಡಿಸೋಣ, ಟೀಚರ್ ಎಲ್ಲಿಗೂ ಹೋಗುವುದಿಲ್ಲ ಎಂದರು. ಕೆಲಸ ಉಳಿಯಿತು. ಓಡಿಹೋಗಿ ಕೆಳಗಿನ ಬೇಕರಿಯಿಂದ ಎಲ್ಲರಿಗೂ ಪಫ್ಸ್ ತರಿಸಬೇಕೆನ್ನಿಸುವಷ್ಟು ಸಂತೋಷವಾಯಿತು.

ಜೆರಾಕ್ಸಿಗೆ ಕೊಡುವ ಮೊದಲು ನನ್ನ ಹೆಸರು ಹೊಡೆದುಹಾಕಲು ಪತ್ರವನ್ನು ಕೈಗೆ ತೆಗೆದುಕೊಂಡೆ. ಆಗಲೇ ನಾನದನ್ನು ಮೊದಲ ಸಲ ಅರ್ಥಕ್ಕಾಗಿ ಓದಿದ್ದು. ಮೀನಿನ ವಾಸನೆ, ಗಡಿಯಾರ, ನದಿ, ಎಲ್ಲ ದಾಟಿ ಕೊನೆಯ ದೂರಿಗೆ ಬಂದೆ. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ‘ತಿರುಗಿ ಮಾತಾಡುವವರನ್ನು ಕಂಡರೆ ಈ ಅಧ್ಯಾಪಕಿಗೆ ಭಯ. ಅವರನ್ನು ನಗಿಸಿ ಇಟ್ಟುಕೊಳ್ಳುವುದಕ್ಕಾಗಿ ಇವರು ತಿರುಗಿ ಮಾತಾಡದ ಒಬ್ಬರನ್ನು ದಿನಾ ಬಳಸಿಕೊಳ್ಳುತ್ತಾರೆ.’ ಆ ಚೀಟಿ ನನಗೆ ನೆನಪಿತ್ತು. ದೋಣಿಯಲ್ಲಿ ಕೂತು ಅದಕ್ಕೊಂದು ಅಲ್ಪವಿರಾಮ ಸೇರಿಸಿ, ಪಕ್ಕದಲ್ಲಿ ರೈಟು ಹಾಕಿ, ಬರೆದವರು ಯಾರೋ ಸುಧಾರಿಸಿದ್ದಾರೆ ಎಂದುಕೊಂಡಿದ್ದೆ. ಕೆಳಗೆ ಸಹಿಗಳನ್ನು ಎಣಿಸಿದೆ. ಹದಿನಾಲ್ಕಿದ್ದವು.

ಅಕ್ಕ ಮೆಟ್ಟಿಲ ಮೇಲೆ ನಿಂತು ಛತ್ರಿ ಬಿಚ್ಚುತ್ತಿದ್ದಳು. ನಾಚಿಕೆಯಾಗುತ್ತಿದ್ದರೂ ಹತ್ತಿರ ಹೋದೆ. ಪತ್ರದ ಆ ಸಾಲಿನ ಮೇಲೆ ಬೆರಳಿಟ್ಟೆ.

“ಅಕ್ಕ, ಇದು ನೀವು ಬರೆದದ್ದಾ?”

“ಹೂಂ ಮೇಡಂ, ನಾನೇ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬ ಆಸೆಯಿಂದ ಪತ್ರದ ಮೇಲೆ ಬಗ್ಗಿ ಕೇಳಿದಳು, “ಸರಿಯಾಗಿ ಬರ್ದಿದ್ದೀನಾ?”

“ಸರಿಯಾಗಿದೆ ಅಕ್ಕ” ಎಂದೆ. “ಒಂದೂ ತಪ್ಪಿಲ್ಲ.”